ಗೋಡೆ ಮೇಲಿನ ಪೆನ್ಸಿಲ್ ಗೆರೆ

ತಿಪಟೂರಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ, ಅಡುಗೆಮನೆ ಬಾಗಿಲ ಪಕ್ಕದ ಗೋಡೆ ಮೇಲೆ ತುಂಬಾ ವರ್ಷ ಪೆನ್ಸಿಲ್ ಗೆರೆಗಳಿದ್ದವು. ಮಕ್ಕಳ ಎತ್ತರ ಅಳೆದ ಗುರುತು ಅಂತ ಬಂದವರೆಲ್ಲ ಅಂದುಕೊಳ್ಳುತ್ತಿದ್ದರು. ಚಿಕ್ಕಮ್ಮನೂ ತಿದ್ದಲು ಹೋಗುತ್ತಿರಲಿಲ್ಲ. ಆ ಗೆರೆ ಹಾಕಿದವನು ನಾನು. ಅವು ಚಿಕ್ಕಮ್ಮನ ಬಲಗೈ ದಿನಕ್ಕೆ ಎಷ್ಟು ಮೇಲೆ ಹೋಯಿತು ಅನ್ನೋ ಲೆಕ್ಕ.

1992ರ ಬೇಸಿಗೆ. ನನಗೆ ಹತ್ತು ವರ್ಷ. ಆಗ ನಮ್ಮ ಕಡೆ ಗ್ಯಾಸ್ ಇದ್ದ ಮನೆ ಕಡಿಮೆ. ರೇಷನ್ ಸೀಮೆಎಣ್ಣೆ, ಹಿತ್ತಾಳೆ ಪಂಪ್ ಸ್ಟೌ. ಬರ್ನರ್ ಕಟ್ಟಿಕೊಂಡರೆ ಪಿನ್ ಚುಚ್ಚಬೇಕು, ಆಮೇಲೆ ಪಂಪ್ ಹೊಡೆಯಬೇಕು, ನೀಲಿ ಉರಿ ಬರೋ ತನಕ ಕಾಯಬೇಕು. ಆ ಸ್ಟೌವಿನ ಭುಸ್ ಅನ್ನೋ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಒಂದು ಬೆಳಿಗ್ಗೆ ಆ ಸದ್ದು ನಿಂತು, ಇನ್ನೊಂದು ಸದ್ದು ಬಂತು. ಅಷ್ಟೇ ಬರೆಯುತ್ತೇನೆ. ಮುಂದಿನದು ಚಿಕ್ಕಮ್ಮ ಈವರೆಗೆ ಯಾರ ಹತ್ತಿರವೂ ಹೇಳಿಲ್ಲ, ನಾನೂ ಕೇಳಿಲ್ಲ.

ಆಸ್ಪತ್ರೆಗೆ ಪೊಲೀಸರು ಬಂದಿದ್ದರು. ಆ ಕಾಲದಲ್ಲಿ 'ಸ್ಟೌ ಬರ್ಸ್ಟ್' ಅಂದರೆ ಪೊಲೀಸರು ಬರಲೇಬೇಕಿತ್ತು. ಪೇಪರಿನಲ್ಲಿ ಆ ಎರಡು ಪದಗಳ ಹಿಂದೆ ಎಷ್ಟೋ ಹೆಣ್ಣುಮಕ್ಕಳ ಬೇರೆಯದೇ ಕಥೆ ಇರುತ್ತಿತ್ತಲ್ವಾ. ನಮ್ಮ ಮನೆಯದು ನಿಜಕ್ಕೂ ಅಪಘಾತ. ಹಾಗಂತ ಚಿಕ್ಕಮ್ಮ ಮಾತಾಡುವ ಶಕ್ತಿ ಬಂದ ಮೇಲೆ ತಾವೇ ಹೇಳಿದರು. ಅಲ್ಲಿಯವರೆಗೆ ಚಿಕ್ಕಪ್ಪ ವಾರ್ಡಿನ ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದು ನೆನಪಿದೆ.

ಮೂರು ತಿಂಗಳಾದ ಮೇಲೆ ಮನೆಗೆ ಬಂದಾಗ ಚಿಕ್ಕಮ್ಮನ ಬಲಗೈ ಮೈಗೆ ಅಂಟಿಕೊಂಡಂತಿತ್ತು. ಕಂಕುಳಿನ ಹತ್ತಿರ ಚರ್ಮ ಎಳೆದುಕೊಂಡು, ಕೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಫಿಸಿಯೋಥೆರಪಿ ಮಾಡುವವರು ಒಂದು ಉಪಾಯ ಹೇಳಿಕೊಟ್ಟಿದ್ದರು. ಗೋಡೆಗೆ ಎದುರಾಗಿ ನಿಲ್ಲಬೇಕು, ಬೆರಳುಗಳನ್ನು ಜೇಡದ ಕಾಲಿನ ಹಾಗೆ ಒಂದೊಂದಾಗಿ ಮೇಲೆ ನಡೆಸಬೇಕು. ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಬೇಕು. ನಾಳೆ ಅದಕ್ಕಿಂತ ಒಂದು ನೂಲಾದರೂ ಮೇಲೆ ಹೋಗಬೇಕು. ಬೇಸಿಗೆ ರಜೆ ಮುಗಿದರೂ ನಾನು ಸ್ಕೂಲು ಬಿಟ್ಟ ಕೂಡಲೇ ಪೆನ್ಸಿಲ್ ಹಿಡಿದುಕೊಂಡು ಓಡುತ್ತಿದ್ದೆ. ಆ ಗೋಡೆಯಲ್ಲಿ ಕ್ಯಾಲೆಂಡರ್ ತೂಗುಹಾಕುವ ಒಂದು ಮೊಳೆ ಇತ್ತು. ಹೊಸ ವರ್ಷದ ಕ್ಯಾಲೆಂಡರನ್ನು ತಾನೇ ಹಾಕಬೇಕು ಅನ್ನೋದು ಚಿಕ್ಕಮ್ಮನ ಆಸೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಒಬ್ಬ ಓಟಗಾರ್ತಿ. ಹೆಸರು ಅನಾ ಫಿಡೆಲಿಯಾ ಕಿರೊಟ್. ಕ್ಯೂಬಾದವಳು. ಕಾಲೇಜಿನಲ್ಲಿ ನಾನು 800 ಮೀಟರ್ ಓಡುತ್ತಿದ್ದೆ, ದೊಡ್ಡದೇನೂ ಸಾಧಿಸಲಿಲ್ಲ, ಆದರೆ ಆ ಓಟದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ಆಗಲೇ ಆಕೆಯ ಹೆಸರು ಕೇಳಿದ್ದೆ. ಸುಟ್ಟ ಗಾಯದಿಂದ ಎದ್ದು ಬಂದು ವಿಶ್ವ ಚಾಂಪಿಯನ್ ಆದವಳು ಅಂತ ನಮ್ಮ ಕೋಚ್ ಹೇಳಿದ್ದರು. ಹೇಗೆ ಸುಟ್ಟಿತು ಅಂತ ಅವರು ಹೇಳಿರಲಿಲ್ಲ. ತುಂಬಾ ದಿನ ಆದ ಮೇಲೆ ಒಂದು ರಾತ್ರಿ ಓದುತ್ತಾ ಕೂತಾಗ ಆ ಸಾಲು ಸಿಕ್ಕಿತು. 1993ರ ಜನವರಿ, ಹವಾನಾ, ಬಟ್ಟೆ ಒಗೆಯುತ್ತಿದ್ದಾಗ ಮನೆಯಲ್ಲಿ ಸೀಮೆಎಣ್ಣೆ ಸ್ಟೌ ಸಿಡಿಯಿತು. ನಾನು ಓದೋದು ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ಆ ಜನವರಿಗೆ ಮೊದಲು ಆಕೆ ಯಾರಾಗಿದ್ದಳು ಅನ್ನೋದನ್ನು ಹೇಳಲೇಬೇಕು. ಹುಟ್ಟಿದ್ದು 1963ರಲ್ಲಿ, ಕ್ಯೂಬಾದ ಪೂರ್ವ ಭಾಗದ ಪಾಲ್ಮಾ ಸೊರಿಯಾನೊ ಅನ್ನೋ ಊರಿನಲ್ಲಿ. ಕ್ರಾಂತಿ ಆಗಿ ನಾಲ್ಕು ವರ್ಷ. ಆ ಕ್ರಾಂತಿಯ ನಾಯಕ ಫಿಡೆಲ್ ಕ್ಯಾಸ್ಟ್ರೊ ಹೆಸರನ್ನೇ ಮಗಳಿಗೆ ಇಟ್ಟರು, ಫಿಡೆಲಿಯಾ. 1987ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ 400 ಮತ್ತು 800 ಎರಡರಲ್ಲೂ ಚಿನ್ನ. 1991ರಲ್ಲಿ ತನ್ನದೇ ದೇಶದ ಹವಾನಾದಲ್ಲಿ ಅದೇ ಕೂಟ ನಡೆದಾಗ ಮತ್ತೆ ಎರಡರಲ್ಲೂ ಚಿನ್ನ. 400 ಓಡುವವರಿಗೆ 800 ತುಂಬಾ ಉದ್ದ, 800 ಓಡುವವರಿಗೆ 400 ತುಂಬಾ ಬಿರುಸು. ಎರಡನ್ನೂ ಗೆಲ್ಲುವುದು ಅಂದರೆ ಭರತನಾಟ್ಯವನ್ನೂ ಡೊಳ್ಳು ಕುಣಿತವನ್ನೂ ಒಂದೇ ಸಂಜೆ ಆಡಿದ ಹಾಗೆ. 1989ರಲ್ಲಿ ಬಾರ್ಸಿಲೋನಾದ ವಿಶ್ವಕಪ್‌ನಲ್ಲಿ ಆಕೆ 800 ಮೀಟರನ್ನು 1 ನಿಮಿಷ 54.44 ಸೆಕೆಂಡಿನಲ್ಲಿ ಮುಗಿಸಿದಳು. ಆ ವರ್ಷದ ಜಗತ್ತಿನ ಶ್ರೇಷ್ಠ ಅಥ್ಲೀಟ್ ಪ್ರಶಸ್ತಿಯೂ ಬಂತು. ಅದು ಎಂಥ ವೇಗ ಅಂತ ಗೊತ್ತಾಗಬೇಕಾದರೆ ನಮ್ಮ ಶೈನಿ ವಿಲ್ಸನ್ ಅವರನ್ನು ನೆನೆಯಬೇಕು. 1995ರಲ್ಲಿ ಮದ್ರಾಸಿನ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಅವರು 1 ನಿಮಿಷ 59.85 ಸೆಕೆಂಡಿನಲ್ಲಿ ಓಡಿದ್ದು ನಮಗೆ ದೊಡ್ಡ ಹಬ್ಬ. ಆ ದಾಖಲೆ ಮುರಿಯಲು ಟಿಂಟು ಲೂಕಾ ಬರುವ ತನಕ, ಅಂದರೆ 2010ರ ತನಕ ಕಾಯಬೇಕಾಯಿತು. ಕಿರೊಟ್ ಅದಕ್ಕಿಂತ ಐದು ಸೆಕೆಂಡು ಮುಂದೆ.

ಇಷ್ಟಿದ್ದರೂ ಒಲಿಂಪಿಕ್ಸ್ ಮಾತ್ರ ಕೈಗೆ ಸಿಗಲಿಲ್ಲ. 1984ರಲ್ಲಿ ಕ್ಯೂಬಾ ಬಹಿಷ್ಕಾರ ಹಾಕಿತು. 1988ರಲ್ಲೂ ಹಾಕಿತು. ಆ 1988 ನನಗೆ ತುಂಬಾ ಸಂಕಟ ಕೊಡುತ್ತದೆ. 1987ರ ಕೊನೆಯಿಂದ ಮೂರು ವರ್ಷ 800ರಲ್ಲಿ ಸೋಲೇ ಇಲ್ಲದೆ ಓಡಿದವಳು ಅವಳು. ಆ ಹೊತ್ತಿನಲ್ಲಿ ಒಲಿಂಪಿಕ್ಸ್ ನಡೆದ ಸೋಲ್ ನಗರಕ್ಕೆ ಹೋಗದೆ ಮನೆಯಲ್ಲಿ ಕೂರಬೇಕಾಯಿತು. ಕೊನೆಗೆ 1992ರಲ್ಲಿ ಬಾರ್ಸಿಲೋನಾಕ್ಕೆ ಹೋದಾಗ ವಯಸ್ಸು 29. ಕಂಚು ಬಂತು, 1 ನಿಮಿಷ 56.80 ಸೆಕೆಂಡ್. ಆಗ ಆಕೆ ಬಸುರಿ. ಮುಂದಿನ ಜನವರಿಗೆ ಏಳು ತಿಂಗಳು ಅಂದರೆ ಲೆಕ್ಕ ಸರಿಹೋಗುತ್ತದೆ.

ಹೌದು, ಸ್ಟೌ ಸಿಡಿದಾಗ ಆಕೆಗೆ ಏಳು ತಿಂಗಳು.

ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಕ್ಯೂಬಾಕ್ಕೆ ಬಂದ ಕಷ್ಟ ಅಷ್ಟಿಷ್ಟಲ್ಲ. ಎಣ್ಣೆ ಇಲ್ಲ, ಕರೆಂಟ್ ಇಲ್ಲ, ಸೋಪಿಲ್ಲ. ಜಗತ್ತಿನ ಅತಿ ವೇಗದ ಹೆಣ್ಣುಮಕ್ಕಳಲ್ಲಿ ಒಬ್ಬಳು, ಒಲಿಂಪಿಕ್ ಪದಕ ಬಂದು ಆರು ತಿಂಗಳಾಗಿರುವವಳು, ನಮ್ಮ ಅಮ್ಮಂದಿರ ಹಾಗೆ ಸೀಮೆಎಣ್ಣೆ ಸ್ಟೌ ಮುಂದೆ ನಿಂತು ಮನೆಕೆಲಸ ಮಾಡುತ್ತಿದ್ದಳು. ಹವಾನಾ ನನಗೆ ಅಲ್ಲಿಯವರೆಗೆ ಬರೀ ಒಂದು ಹೆಸರು. ಆ ದಿನದಿಂದ ಅದು ತಿಪಟೂರಿನ ಪಕ್ಕದ ಬೀದಿಯಂತೆ ಅನಿಸುತ್ತದೆ.

ಮೈಯ ಶೇಕಡಾ 38ರಷ್ಟು ಭಾಗ ಸುಟ್ಟಿತ್ತು, ಮೂರನೇ ಡಿಗ್ರಿ. ಡಾಕ್ಟರುಗಳು ಇದನ್ನು ಅಂದಾಜು ಮಾಡುವುದು ಒಂಬತ್ತರ ಲೆಕ್ಕದಲ್ಲಿ. ಒಂದು ಪೂರ್ತಿ ಕೈ ಅಂದರೆ 9, ಎದೆ ಹೊಟ್ಟೆ ಸೇರಿ 18. ಹಾಗಾದರೆ ಎರಡೂ ಕೈ, ಇಡೀ ಎದೆ ಹೊಟ್ಟೆ ಸೇರಿಸಿದರೂ 36. ಮೂರನೇ ಡಿಗ್ರಿ ಅಂದರೆ ಚರ್ಮದ ಎಲ್ಲ ಪದರವೂ ಹೋಗಿದೆ ಅಂತ. ಅಲ್ಲಿ ಚರ್ಮ ತಾನಾಗಿ ಮತ್ತೆ ಬೆಳೆಯುವುದಿಲ್ಲ, ಬೇರೆ ಕಡೆಯಿಂದ ತೆಗೆದು ಹಾಕಬೇಕು. ಮಗು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಕೆಲವೇ ದಿನಕ್ಕೆ ತೀರಿಕೊಂಡಿತು. ತಾಯಿ ಆಗಿನ್ನೂ ಸಾವು ಬದುಕಿನ ನಡುವೆ.

ಆಸ್ಪತ್ರೆಯಲ್ಲಿ ಆಕೆಯನ್ನು ನೋಡಲು ಕ್ಯಾಸ್ಟ್ರೊ ಸ್ವತಃ ಬಂದರು. ದೇಶದ ಒಳ್ಳೆಯ ಡಾಕ್ಟರುಗಳು ಆಕೆಯ ಸುತ್ತ ನಿಂತರು. ಇದನ್ನು ಬೇಕಂತಲೇ ಬರೆಯುತ್ತಿದ್ದೇನೆ. ಕಿರೊಟ್ ಕಥೆ ಹೇಳುವವರು ಸಾಮಾನ್ಯವಾಗಿ 'ಛಲ ಒಂದಿದ್ದರೆ ಸಾಕು' ಅಂತ ಮುಗಿಸಿಬಿಡುತ್ತಾರೆ. ಛಲ ಬೇಕು, ಒಪ್ಪಿದೆ. ಆದರೆ ಸುಟ್ಟ ಮೈಗೆ ಮೊದಲು ಬೇಕಾದ್ದು ಸ್ವಚ್ಛ ವಾರ್ಡು, ಕೈಪಳಗಿದ ಸರ್ಜನ್, ಹೊತ್ತಿಗೆ ಸರಿಯಾಗಿ ಡ್ರೆಸ್ಸಿಂಗ್, ಹೊಟ್ಟೆಗೆ ಜಾಸ್ತಿ ಅನ್ನ. ಸುಟ್ಟ ಮೈ ತನ್ನನ್ನು ತಾನು ಕಟ್ಟಿಕೊಳ್ಳಲು ಒಳಗಿನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಓಟಗಾರ್ತಿಯೊಬ್ಬಳು ಹದಿನೈದು ವರ್ಷ ಕೂಡಿಟ್ಟ ಸ್ನಾಯು ಕೆಲವೇ ವಾರದಲ್ಲಿ ಕರಗಿಹೋಗಬಹುದು. ನಮ್ಮ ಚಿಕ್ಕಮ್ಮನ ಪಕ್ಕದ ಹಾಸಿಗೆಯಲ್ಲಿದ್ದ ಒಬ್ಬ ಹುಡುಗಿಗೆ ಚಿಕ್ಕಮ್ಮನಿಗಿಂತ ಜಾಸ್ತಿ ಛಲ ಇತ್ತು ಅಂತ ಚಿಕ್ಕಮ್ಮನೇ ಹೇಳುತ್ತಾರೆ. ಆ ಹುಡುಗಿ ಮನೆಗೆ ವಾಪಸ್ ಹೋಗಲಿಲ್ಲ.

ಹಾಗಾಗಿ ಕಿರೊಟ್ ಬದುಕಿದ್ದಕ್ಕೆ ನಾನು ಮೊದಲು ಆ ಡಾಕ್ಟರುಗಳಿಗೆ, ನರ್ಸುಗಳಿಗೆ ಕೈಮುಗಿಯುತ್ತೇನೆ. ಆಮೇಲೆ ಆದದ್ದು ಮಾತ್ರ ಅವಳದು.

ಆಸ್ಪತ್ರೆಯಲ್ಲಿ ಇರುವಾಗಲೇ ಮೆಟ್ಟಿಲು ಹತ್ತಿ ಇಳಿಯಲು ಶುರುಮಾಡಿದಳಂತೆ. ಮನೆಗೆ ಬಂದ ಮೇಲೆ ಸೂರ್ಯ ಏಳುವ ಮೊದಲು ಇಲ್ಲವೇ ಮುಳುಗಿದ ಮೇಲೆ ಓಟ. ಹೊಸ ಚರ್ಮಕ್ಕೆ ಬಿಸಿಲು ಆಗಿಬರುವುದಿಲ್ಲ. ಕೋಚ್ ಲೆಆಂದ್ರೊ ಸಿವಿಲ್ ಜೊತೆಗಿದ್ದರು. ಕತ್ತು ಸರಿಯಾಗಿ ತಿರುಗುತ್ತಿರಲಿಲ್ಲ, ಕೈ ಪೂರ್ತಿ ಆಡುತ್ತಿರಲಿಲ್ಲ.

ಕೈ ಆಡದಿದ್ದರೆ ಓಟಕ್ಕೇನು ಅಂತ ಕೆಲವರು ಕೇಳಬಹುದು. 800 ಓಡಿದವರು ಕೇಳುವುದಿಲ್ಲ. ಈ ಓಟದಲ್ಲಿ ಮೊದಲ ಸುತ್ತು ಸುಮಾರಾಗಿ ಎಲ್ಲರಿಗೂ ಆಗುತ್ತದೆ. ಎರಡನೇ ಸುತ್ತಿನಲ್ಲಿ, 600 ಮೀಟರ್ ದಾಟಿದ ಮೇಲೆ, ತೊಡೆಯೊಳಗೆ ಯಾರೋ ಸೀಸ ಕಾಯಿಸಿ ಹುಯ್ದ ಹಾಗಾಗುತ್ತದೆ. ಕಾಲು ಎತ್ತು ಅಂದರೆ ಏಳುವುದಿಲ್ಲ. ಆಗ ನಮ್ಮ ಕೋಚ್ ಟ್ರ್ಯಾಕಿನ ಒಳಗಿನಿಂದ ಒಂದೇ ಮಾತು ಕೂಗುತ್ತಿದ್ದರು, 'ಕೈ ಬೀಸೋ, ಕೈ!' ಕಾಲು ಸತ್ತ ಮೇಲೆ ಕೈಯೇ ಕಾಲನ್ನು ಎಳೆದುಕೊಂಡು ಹೋಗಬೇಕು. ಭುಜ ಸಡಿಲ ಇರಬೇಕು, ಕತ್ತು ಸಡಿಲ ಇರಬೇಕು, ಮೊಣಕೈ ಹಿಂದಕ್ಕೆ ಚೆನ್ನಾಗಿ ಹೋಗಬೇಕು. ಕಿರೊಟ್‌ಗೆ ಸುಟ್ಟಿದ್ದು ಸರಿಯಾಗಿ ಆ ಜಾಗಗಳೇ. ಕಾಲು ಉಳಿಯಿತು ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ 800 ಮೀಟರ್ ಬಿಡುವುದಿಲ್ಲ.

1993ರ ನವೆಂಬರ್. ಪೋರ್ಟೊರಿಕೊದ ಪೋನ್ಸೆ ಪಟ್ಟಣ. ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕ್ರೀಡಾಕೂಟ. ಸ್ಟೌ ಸಿಡಿದು ಹತ್ತು ತಿಂಗಳು ಆಗಿತ್ತು ಅಷ್ಟೇ. ಕಿರೊಟ್ ಅಲ್ಲಿ 800 ಮೀಟರ್ ಓಡಿ ಎರಡನೇ ಸ್ಥಾನ ಪಡೆದಳು. ಗೆದ್ದವಳು ಸುರಿನಾಮದ ಲೆಟಿಸಿಯಾ ವ್ರೀಸ್ಡೆ. ಕಿರೊಟ್ ಸಮಯ ಸುಮಾರು 2 ನಿಮಿಷ 5 ಸೆಕೆಂಡ್. ಅವಳ ಒಳ್ಳೆಯ ದಿನಗಳ ಓಟಕ್ಕೆ ಹೋಲಿಸಿದರೆ ಹತ್ತು ಸೆಕೆಂಡಿಗೂ ಜಾಸ್ತಿ ನಿಧಾನ. ಹತ್ತು ಸೆಕೆಂಡ್ ಅಂದರೆ ಟ್ರ್ಯಾಕಿನ ಮೇಲೆ ಅರವತ್ತು ಎಪ್ಪತ್ತು ಮೀಟರ್. 1989ರ ಕಿರೊಟ್ ಪಕ್ಕದಲ್ಲಿ ಓಡಿದ್ದರೆ ಇವಳು ಇನ್ನೂ ಕೊನೆಯ ನೇರ ದಾರಿಯಲ್ಲಿ ಇರುವಾಗಲೇ ಅವಳು ಗೆರೆ ದಾಟಿ ನಿಂತಿರುತ್ತಿದ್ದಳು.

ನನಗೆ ಇದೇ ದೊಡ್ಡ ಓಟ. ಆಮೇಲಿನ ಚಿನ್ನಕ್ಕಿಂತ ದೊಡ್ಡದು. ಯಾಕೆ ಅಂದರೆ ಚಿನ್ನ ಗೆಲ್ಲುವಾಗ ಆಕೆಗೆ ತಾನು ಗೆಲ್ಲಬಲ್ಲೆ ಅನ್ನೋದು ಗೊತ್ತಿತ್ತು. ಪೋನ್ಸೆಯಲ್ಲಿ ಗೊತ್ತಿದ್ದದ್ದು ಬರೀ ನೋವು. ಜಗತ್ತಿಗೇ ವೇಗದ ಓಟಗಾರ್ತಿ ಅನ್ನಿಸಿಕೊಂಡವಳು ತಾನು ನಿಧಾನ ಆಗಿರುವುದನ್ನು ಎಲ್ಲರ ಎದುರು, ಗಡಿಯಾರದ ಎದುರು ಒಪ್ಪಿಕೊಂಡು ಓಡಬೇಕು. ಮೈಮೇಲೆ ಇನ್ನೂ ಹಸಿ ಇದ್ದ ಚರ್ಮ. ಮಗು ಇಲ್ಲದ ಮನೆ. 'ಇನ್ನು ಸಾಕು, ನಿನ್ನನ್ನು ಯಾರೂ ಏನೂ ಅನ್ನುವುದಿಲ್ಲ' ಅಂತ ಹೇಳಲು ಇಡೀ ದೇಶವೇ ತಯಾರಿದ್ದಾಗ ಆಕೆ ಶೂ ಕಟ್ಟಿದಳು.

ಆ ಓಟ ಆದ ಮೇಲೂ ಕೆಲಸ ಮುಗಿದಿರಲಿಲ್ಲ. ಮತ್ತೆ ಆಪರೇಷನ್, ಮತ್ತೆ ವಿಶ್ರಾಂತಿ, ಮತ್ತೆ ಮೊದಲಿನಿಂದ. 1994 ಬಹುಪಾಲು ಅದರಲ್ಲೇ ಹೋಯಿತು.

1995ರ ಆಗಸ್ಟ್. ಸ್ವೀಡನ್ನಿನ ಗೋಥೆನ್‌ಬರ್ಗ್, ಉಲ್ಲೆವಿ ಸ್ಟೇಡಿಯಂ, ವಿಶ್ವ ಚಾಂಪಿಯನ್‌ಶಿಪ್. ಎಲ್ಲರ ಕಣ್ಣು ಮೊಜಾಂಬಿಕ್‌ನ ಮಾರಿಯಾ ಮುಟೋಲಾ ಮೇಲಿತ್ತು. ಹಿಂದಿನ ಚಾಂಪಿಯನ್, ಆ ಹೊತ್ತಿಗೆ ಬಹಳ ದಿನದಿಂದ ಸೋಲು ಕಾಣದವಳು. ಆದರೆ ಸೆಮಿಫೈನಲ್‌ನಲ್ಲಿ ಮುಟೋಲಾ ತನ್ನ ಲೇನಿನ ಗೆರೆ ತುಳಿದು ಅನರ್ಹಳಾದಳು. 800ರಲ್ಲಿ ಮೊದಲ ತಿರುವು ಮುಗಿಯುವ ತನಕ ಅವರವರ ಲೇನಿನಲ್ಲೇ ಓಡಬೇಕು, ಆಮೇಲಷ್ಟೇ ಒಳಕ್ಕೆ ಬರಬಹುದು. ಈ ಗೆರೆಯ ನೋವು ನಮಗೆ ಹೊಸದಲ್ಲ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಶೈನಿ ಕೂಡ 800ರಲ್ಲಿ ಲೇನ್ ತಪ್ಪಿ ಅನರ್ಹರಾಗಿದ್ದರು. ಆ ಸುದ್ದಿ ಹೇಳುವಾಗ ನಮ್ಮ ಕೋಚ್ ಕಣ್ಣು ಈಗಲೂ ಒದ್ದೆ ಆಗುತ್ತದೆ.

ಫೈನಲ್‌ನಲ್ಲಿ ಕಿರೊಟ್ ಗೆದ್ದಳು. 1 ನಿಮಿಷ 56.11 ಸೆಕೆಂಡ್. ಎರಡನೆಯವಳು ಪೋನ್ಸೆಯಲ್ಲಿ ಆಕೆಯನ್ನು ಸೋಲಿಸಿದ್ದ ಅದೇ ವ್ರೀಸ್ಡೆ. ಮೂರನೆಯವಳು ಬ್ರಿಟನ್ನಿನ ಕೆಲ್ಲಿ ಹೋಮ್ಸ್. ಕಿರೊಟ್‌ಗೆ ಆಗ 32 ವರ್ಷ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದು ಆಕೆಯ ಮೊದಲ ಚಿನ್ನ, ಮೈ ಸರಿಯಿದ್ದಾಗ ಒಂದು ಸಲವೂ ಸಿಗದೇ ಇದ್ದದ್ದು. ನಾಲ್ಕು ವರ್ಷ ಮೊದಲು ಟೋಕಿಯೋದಲ್ಲಿ 0.05 ಸೆಕೆಂಡಿನಲ್ಲಿ ಬೆಳ್ಳಿಗೆ ಇಳಿದಿದ್ದಳು.

ಇನ್ನೊಂದು ಸಂಗತಿ ನೋಡಿ. 56.11 ಅನ್ನೋದು ಬೆಂಕಿಗೆ ಮೊದಲಿನ ಬಾರ್ಸಿಲೋನಾ ಕಂಚಿನ ಓಟಕ್ಕಿಂತ ವೇಗ. ಸುಟ್ಟ ಮೈಯಲ್ಲಿ ಆಕೆ ಹಳೆಯ ಮೈಗಿಂತ ಬೇಗ ಓಡಿದಳು. ಆದರೆ 54.44ಕ್ಕೆ ಮಾತ್ರ ಮತ್ತೆ ಹೋಗಲಿಲ್ಲ. ಎಂದೂ ಹೋಗಲಿಲ್ಲ. 1997ರಲ್ಲಿ 54.82ರ ತನಕ ಬಂದು ನಿಂತಿತು.

ಮುಟೋಲಾ ಇರಲಿಲ್ಲ, ಅದಕ್ಕೇ ಗೆದ್ದಳು ಅಂತ ಹೇಳಿದವರಿದ್ದರು. ಅದರಲ್ಲಿ ತಪ್ಪೇನೂ ಇಲ್ಲ, ಆಟ ನೋಡುವವರು ಕೇಳುವ ಪ್ರಶ್ನೆಯೇ. ಮುಂದಿನ ವರ್ಷ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಸ್ವೆತ್ಲಾನಾ ಮಾಸ್ಟರ್‌ಕೋವಾ ಚಿನ್ನ ಗೆದ್ದಳು, ಕಿರೊಟ್‌ಗೆ ಬೆಳ್ಳಿ, ಮುಟೋಲಾಗೆ ಕಂಚು. ಅದರ ಮುಂದಿನ ವರ್ಷ ಅಥೆನ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಈ ಸಲ ಮುಟೋಲಾ ಫೈನಲ್‌ನಲ್ಲೇ ಇದ್ದಳು. ಕಿರೊಟ್ 1 ನಿಮಿಷ 57.14. ರಷ್ಯಾದ ಅಫನಾಸ್ಯೆವಾ 57.56. ಮುಟೋಲಾ 57.59. ಮತ್ತೆ ಚಿನ್ನ, 34ನೇ ವಯಸ್ಸಿನಲ್ಲಿ. ಯಾರೂ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಹೋದ ದೀಪಾವಳಿಗೆ ತಿಪಟೂರಿಗೆ ಹೋಗಿದ್ದೆ. ಚಿಕ್ಕಮ್ಮನಿಗೆ ಈಗ ಅರವತ್ತು ದಾಟಿದೆ. ಇವತ್ತಿಗೂ ತುಂಬು ತೋಳಿನ ರವಿಕೆ, ಸೆರಗು ಕತ್ತಿನ ಸುತ್ತ. ಮೊಮ್ಮಗಳು ಪಟಾಕಿ ಹಚ್ಚಲು ಹೊರಗೆ ಹೋದಾಗ ಚಿಕ್ಕಮ್ಮ ಒಳಗೇ ಉಳಿದರು. ಅದು ಎಲ್ಲರಿಗೂ ಗೊತ್ತಿರುವ ವಿಷಯ, ಯಾರೂ ಕರೆಯುವುದಿಲ್ಲ. ನಾನೂ ಒಳಗೆ ಕೂತೆ. ಫೋನಿನಲ್ಲಿ ಗೋಥೆನ್‌ಬರ್ಗ್ ಓಟ ಇತ್ತು. ತೋರಿಸಲೋ ಬೇಡವೋ ಅಂತ ತುಂಬಾ ಹೊತ್ತು ಯೋಚನೆ ಮಾಡಿದೆ.

"ಚಿಕ್ಕಮ್ಮ, ಒಬ್ಬಳನ್ನ ತೋರಿಸ್ತೀನಿ ನೋಡಿ" ಅಂದೆ. ಸ್ಟೌ ವಿಷಯ ಹೇಳಿದೆ. ಮೊದಲಿನ ದಾಖಲೆ ಹೇಳಿದೆ, ಶೇಕಡಾ ಹೇಳಿದೆ, ಯಾವ ವರ್ಷ ಯಾವ ಪದಕ ಅಂತ ಹೇಳುತ್ತಾ ಹೋದೆ. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಫೋನನ್ನು ಕೈಗೆ ತೆಗೆದುಕೊಂಡರು.

"ಇವಳಿಗೆ ಬೆವರು ಬರುತ್ತೇನೋ?" ಅಂತ ಕೇಳಿದರು.

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಇಷ್ಟು ವರ್ಷ ಅವಳ ಬಗ್ಗೆ ಓದಿದವನಿಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಕಸಿ ಮಾಡಿದ ಚರ್ಮದಲ್ಲಿ ಬೆವರು ಸರಿಯಾಗಿ ಬರುವುದಿಲ್ಲ. ಅಲ್ಲಿ ಬೆವರಿನ ಗ್ರಂಥಿಯೇ ಉಳಿದಿರುವುದಿಲ್ಲ. ಮೈ ಕಾದರೆ ಆ ಶಾಖ ಹೊರಗೆ ಹೋಗಲು ದಾರಿ ಇಲ್ಲ. ಅದಕ್ಕೇ ಚಿಕ್ಕಮ್ಮ ಮಾರ್ಚ್ ಬಂದರೆ ಮಧ್ಯಾಹ್ನ ನಾಲ್ಕು ಸಲ ಒದ್ದೆ ಟವೆಲ್ ಹೊದ್ದುಕೊಳ್ಳುತ್ತಾರೆ. ಮೈಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೀಗಿರುವಾಗ, ಆಗಸ್ಟ್ ತಿಂಗಳ ಅಥೆನ್ಸ್‌ನಲ್ಲಿ ಹೀಟ್ಸ್, ಸೆಮಿಫೈನಲ್, ಫೈನಲ್ ಅಂತ ಒಂದರ ಹಿಂದೊಂದು ಓಡುವುದು ಅಂದರೆ ಏನು?

"ರಾತ್ರಿ ನವೆ ಆಗ್ತಿತ್ತೇನೋ ಪಾಪ" ಅಂದರು ಮತ್ತೆ. "ನೋವು ಹೆಂಗೋ ತಡ್ಕೋಬೋದು ಕಣೋ. ಆ ನವೆ ಇದ್ಯಲ್ಲ, ಅದು ನಿದ್ದೆ ಮಾಡಕ್ಕೆ ಬಿಡಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ನಿಮ್ಮ ಚಿಕ್ಕಪ್ಪನ ಕೈ ಸವೆದುಹೋಯ್ತು. ನಿದ್ದೆ ಇಲ್ದೆ ಬೆಳಿಗ್ಗೆ ಎದ್ದು ಓಡಿದ್ಳಾ ಇವ್ಳು?"

ಹೌದು ಅಂದೆ. ಸೂರ್ಯ ಹುಟ್ಟುವ ಮೊದಲು ಅಂದೆ.

"ಮತ್ತೆ ಮಕ್ಕಳಾದ್ವಾ?"

ಓಟ ಬಿಡುವ ಹೊತ್ತಿಗೆ ತಾಯಿಯಾದಳು, ಮಕ್ಕಳಿದ್ದಾರೆ ಅಂದೆ. ಚಿಕ್ಕಮ್ಮ ಅದಕ್ಕೆ ಏನೂ ಹೇಳಲಿಲ್ಲ. ಫೋನನ್ನು ಸ್ವಲ್ಪ ಹತ್ತಿರ ಹಿಡಿದುಕೊಂಡರು.

ಆ ಓಟದ ಚಿತ್ರ ಅಷ್ಟೇನೂ ಸ್ಪಷ್ಟ ಇಲ್ಲ, ಹಳೆಯ ಟಿವಿ ಮುದ್ರಣ. ಆದರೂ ಕಿರೊಟ್ ಕತ್ತಿನ ಮೇಲೆ, ತೋಳಿನ ಮೇಲೆ ಗಾಯದ ಗುರುತು ಕಾಣುತ್ತದೆ. ಮುಚ್ಚಿಕೊಂಡಿಲ್ಲ. ಚಿಕ್ಕಮ್ಮ ಅದನ್ನೇ ನೋಡುತ್ತಿದ್ದಾರೆ ಅಂತ ನಾನು ಅಂದುಕೊಂಡೆ. ಅವರ ಬೆರಳು ತಮ್ಮ ಸೆರಗಿನ ಅಂಚನ್ನು ಹಿಡಿದಿತ್ತು. ಎರಡನೇ ಸುತ್ತು, ಕೊನೆಯ ತಿರುವು. ನಾನು ಎಷ್ಟೋ ಸಲ ನೋಡಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು.

"ಕೈ ನೋಡೋ" ಅಂದರು ಚಿಕ್ಕಮ್ಮ. "ಕೈ ಹೆಂಗೆ ಹಿಂದೆ ಮುಂದೆ ಹೋಗ್ತಿದೆ ನೋಡು. ಎಷ್ಟು ಬಿಡಿಸ್ಕೊಂಡಿದಾಳೆ!"

ನಾನು ಆ ಓಟವನ್ನು ಯಾವಾಗಲೂ ಗಡಿಯಾರದ ಕಡೆಯಿಂದ ನೋಡಿದ್ದೆ. ಚಿಕ್ಕಮ್ಮ ಕಂಕುಳಿನ ಕಡೆಯಿಂದ ನೋಡಿದರು. ಆ ಒಂದು ಬೀಸಿನ ಹಿಂದೆ ಎಷ್ಟು ಗೋಡೆ, ಎಷ್ಟು ಗೆರೆ ಇರಬೇಕು ಅಂತ ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿದ್ದದ್ದು. ಗೆರೆ ದಾಟಿದ್ದನ್ನು ಅವರು ಗಮನಿಸಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಮುಗಿದ ಕೂಡಲೇ "ಇನ್ನೊಂದ್ಸಲ ಹಾಕು" ಅಂದರು. ಮೂರು ಸಲ ನೋಡಿದೆವು. ಹೊರಗೆ ಪಟಾಕಿ ಸದ್ದು ಜಾಸ್ತಿ ಆಗುತ್ತಿತ್ತು.

ಆಮೇಲೆ ಎದ್ದು ಅಡುಗೆಮನೆ ಬಾಗಿಲ ಹತ್ತಿರ ಹೋದರು. ಆ ಗೋಡೆಗೆ ಮಗನ ಮದುವೆಯಲ್ಲಿ ಬಣ್ಣ ಹೊಡೆಸಿದ್ದಾರೆ. ಗೆರೆಗಳು ಈಗಿಲ್ಲ. ಮೊಳೆ ಇದೆ, ಕ್ಯಾಲೆಂಡರೂ ಇದೆ. ಆ ಮೊಳೆಗೆ ಚಿಕ್ಕಮ್ಮನ ಬೆರಳು ಮುಟ್ಟಲೇ ಇಲ್ಲ. ಸುಮಾರು ಒಂದೂವರೆ ವರ್ಷ ಗೋಡೆ ಹತ್ತಿದ ಮೇಲೆ ಗೆರೆ ಮೊಳೆಗಿಂತ ಎರಡು ಬೆರಳು ಕೆಳಗೆ ನಿಂತುಬಿಟ್ಟಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಆ ವರ್ಷದಿಂದ ಕ್ಯಾಲೆಂಡರ್ ಹಾಕುವಾಗ ಚಿಕ್ಕಮ್ಮ ಮಣೆ ಹತ್ತುತ್ತಾರೆ. ತಾವೇ ಹಾಕುತ್ತಾರೆ.

ಚಿಕ್ಕಮ್ಮ ಗೋಡೆಗೆ ಎದುರಾಗಿ ನಿಂತು ಬಲಗೈ ಬೆರಳು ಊರಿದರು. ನಿಧಾನವಾಗಿ ಒಂದೊಂದೇ ಬೆರಳು ಮೇಲೆ ನಡೆಸಿದರು. ಒಂದು ಕಡೆ ನಿಂತರು.

"ಕೊನೇ ಗೆರೆ ಇಲ್ಲಿತ್ತಲ್ವಾ?"

"ಇಲ್ಲ ಚಿಕ್ಕಮ್ಮ, ಇನ್ನೊಂದು ಚೂರು ಮೇಲೆ" ಅಂದೆ.

ಚಿಕ್ಕಮ್ಮ ಉಸಿರು ಬಿಟ್ಟು, ಬೆರಳನ್ನು ಇನ್ನೊಂದು ಚೂರು ಮೇಲೆ ಸರಿಸಿದರು.